ರವದಿ, ಒಣ ಎಲೆ: ಸುಟ್ಟರೆ ಬೂದಿ, ಕೊಳೆತರೆ ಗೊಬ್ಬರ

(ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ಸಂಜೆ ಹೊತ್ತು ಎಲ್ಲಿ ನೋಡಿದರೂ ಹೊಗೆ. ಕಬ್ಬು ಕಡಿಯುವ ಗ್ಯಾಂಗು ಹೊಲ ಖಾಲಿ ಮಾಡಿ ಹೋದ ಮೇಲೆ ನೆಲದ ತುಂಬ ಒಣ ರವದಿ ಉಳಿಯುತ್ತದೆ. ಮರುದಿನವೋ ಅದರ ಮರುದಿನವೋ ಯಾರಾದರೂ ಒಂದು ಕಡ್ಡಿ ಗೀರುತ್ತಾರೆ. ಅರ್ಧ ತಾಸಿನಲ್ಲಿ ಹೊಲ ಕರಿ ಆಗುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗೆ ಮನೆಯ ಸುತ್ತಲಿನ ಬೇವು, ತೇಗದ ಮರಗಳು ಎಲೆ ಉದುರಿಸುತ್ತವೆ. ಅದನ್ನೂ ದಿನಾ ಬೆಳಿಗ್ಗೆ ಗುಡಿಸಿ, ಗುಂಪು ಮಾಡಿ, ಬೆಂಕಿ ಹಚ್ಚುತ್ತೇವೆ. "ಕಸ ಹೋತು, ಅಂಗಳ ಸ್ವಚ್ಛ ಆತು" ಎಂದು ಸಮಾಧಾನ ಪಡುತ್ತೇವೆ.

ಹೋದದ್ದು ಕಸವೋ, ನಮ್ಮ ಹೊಲದ ಗೊಬ್ಬರವೋ? ಇದೇ ಈ ಪಾಠದ ಪ್ರಶ್ನೆ. ನಮ್ಮ ಕಡೆ ಬಹಳ ಕುಟುಂಬಗಳು ಊರೊಳಗೆ ಇರದೆ ತೋಟದ ಮನೆಯಲ್ಲಿ ಇರುತ್ತವೆ. ಮನೆಯ ಮೂರೂ ಕಡೆ ಕಬ್ಬು, ಒಂದು ಕಡೆ ದನದ ಕೊಟ್ಟಿಗೆ, ಪಕ್ಕದಲ್ಲೇ ಕಣಕಿ ಬಣವಿ. ಇಂಥ ಮನೆಗಳಿಗೆ ಒಣ ಎಲೆ ಸಂಪತ್ತೂ ಹೌದು, ಅಪಾಯವೂ ಹೌದು. ಅದು ಎಲ್ಲಿ ಬಿದ್ದಿದೆ, ನಾವು ಅದನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

1. ಸುಟ್ಟಾಗ ಏನು ಹೋಗುತ್ತದೆ?

ಒಂದು ಎಕರೆ ಕಬ್ಬು ಕಡಿದ ಮೇಲೆ ಸುಮಾರು 3ರಿಂದ 4 ಟನ್ ರವದಿ ಉಳಿಯುತ್ತದೆ. ನೂರು ಕಿಲೋ ರವದಿಯಲ್ಲಿ ಸುಮಾರು 400 ಗ್ರಾಂ ಸಾರಜನಕ ಇರುತ್ತದೆ. ಸಂಘದ ಲೆಕ್ಕದ ಪುಸ್ತಕ ತೆಗೆದು ನೀವೇ ಲೆಕ್ಕ ಹಾಕಿರಿ. 4 ಟನ್ ಎಂದರೆ 4,000 ಕಿಲೋ. ಅದರಲ್ಲಿ 16 ಕಿಲೋ ಸಾರಜನಕ. ಇಷ್ಟು ಸಾರಜನಕ ಅಂಗಡಿಯಿಂದ ತರಬೇಕಾದರೆ ಸುಮಾರು 35 ಕಿಲೋ ಯೂರಿಯಾ ಬೇಕು. ಯೂರಿಯಾ ಚೀಲ ಈಗ 45 ಕಿಲೋದ್ದು. ಅಂದರೆ ಎಕರೆಗೆ ಮುಕ್ಕಾಲು ಚೀಲ ಯೂರಿಯಾದಷ್ಟು ಸಾರ ರವದಿಯಲ್ಲಿದೆ. ಬೆಂಕಿ ಹಚ್ಚಿದರೆ ಅದರ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಪೊಟ್ಯಾಶ್, ರಂಜಕ ಬೂದಿಯಲ್ಲಿ ಉಳಿಯುತ್ತವೆ, ಆದರೆ ಗಾಳಿಗೆ ಬೂದಿಯೂ ಹಾರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೊಳೆತ ಎಲೆ ಮಣ್ಣನ್ನು ಹುಡಿಹುಡಿ ಮಾಡುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಎರೆಹುಳಕ್ಕೆ ಅನ್ನವಾಗುತ್ತದೆ. ಅಂಗಡಿಯ ಯಾವ ಚೀಲದಲ್ಲೂ ಈ ಗುಣ ಸಿಗುವುದಿಲ್ಲ. ಕೃಷ್ಣಾ ನದಿಯ ದಂಡೆಯ ರಾಯಬಾಗ, ಅಥಣಿ, ಕಾಗವಾಡದ ಕಡೆ ಎಷ್ಟೋ ಎರೆಹೊಲಗಳು ಅತಿ ನೀರಿನಿಂದ ಸವಳು-ಜವಳು ಆಗಿವೆ. "ಮೊದಲ ಅರವತ್ತು ಟನ್ ಬರತಿತ್ತ್ರೀ, ಈಗ ಮೂವತ್ತಕ್ಕ ಬಂದೈತಿ" ಎನ್ನುವ ಮಾತು ಸಭೆಗಳಲ್ಲಿ ನಾವು ಕೇಳುತ್ತಲೇ ಇದ್ದೇವೆ. ಅಂಥ ನೆಲಕ್ಕೆ ಬಸಿಗಾಲುವೆಯ ಜೊತೆಗೆ ಮುಖ್ಯವಾಗಿ ಬೇಕಾದದ್ದು ಕೊಳೆತ ಸಾವಯವ ಪದಾರ್ಥ. ಅದನ್ನೇ ನಾವು ವರ್ಷಾ ವರ್ಷಾ ಸುಡುತ್ತಿದ್ದೇವೆ.

ಇನ್ನು ಹೊಗೆಯ ಮಾತು. ಚಳಿಗಾಲದ ಬೆಳಿಗ್ಗೆ, ಸಂಜೆ ಹೊಗೆ ಮೇಲೆ ಏಳದೆ ನೆಲಕ್ಕೆ ಹಾಸಿಕೊಂಡಿರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿರುತ್ತವೆ. ಅವು ಪುಪ್ಪುಸದ ಒಳಗಿನವರೆಗೆ ಹೋಗುತ್ತವೆ. ದಮ್ಮು ಇರುವ ಅತ್ತೆ, ಎದೆ ಕಟ್ಟುವ ಕೂಸು, ಬಸುರಿ ಮಗಳು ಮನೆಯಲ್ಲಿದ್ದರೆ ಮೊದಲು ತ್ರಾಸು ಅವರಿಗೇ. ರಾತ್ರಿ ಕೂಸನ್ನು ಎತ್ತಿಕೊಂಡು ಕೂಡುವವಳು, ಮರುದಿನ ದವಾಖಾನೆಗೆ ಒಯ್ಯುವವಳು ತಾಯಿ. ಅಂಗಳದ ಎಲೆಯ ಜೊತೆ ಪ್ಲಾಸ್ಟಿಕ್ ಚೀಲ, ಗುಟ್ಕಾ ಪಾಕೀಟು ಸೇರಿಸಿ ಸುಟ್ಟರಂತೂ ಆ ಹೊಗೆ ನೇರ ವಿಷ.

ಕಾನೂನು ಸಹ ತಿಳಿದಿರಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೂ 5,000 ರೂಪಾಯಿ ಪರಿಹಾರ ಕಟ್ಟಬೇಕೆಂದು ಹೇಳಿತು.

2. ಮನೆಯಲ್ಲಿ ಬರುವ ಮಾತು, ಅದಕ್ಕೆ ಉತ್ತರ

ಕಡ್ಡಿ ಗೀರುವವರು ಹೆಚ್ಚಾಗಿ ಗಂಡಸರು. "ನಮ್ಮ ಮಾತ ಯಾರ ಕೇಳತಾರ್ರೀ?" ಎಂದು ನೀವು ಹೇಳುತ್ತೀರಿ. ಬರೀ "ಸುಡಬ್ಯಾಡ್ರಿ" ಎಂದರೆ ಕೇಳಲಿಕ್ಕಿಲ್ಲ. ಅವರ ಮಾತಿಗೂ ಕಾರಣಗಳಿವೆ. ಒಂದೊಂದನ್ನೇ ನೋಡೋಣ.

"ಸುಟ್ಟರ ಕೂಳೆ ಛಲೋ ಚಿಗಿತೈತಿ" ಎನ್ನುತ್ತಾರೆ. ಕೂಳೆ ಚೆನ್ನಾಗಿ ಚಿಗುರಲು ಬೇಕಾದದ್ದು ಬುಡ ನೆಲಮಟ್ಟಕ್ಕೆ ಕಡಿಯುವುದು ಮತ್ತು ಬುಡದ ಮೇಲೆ ರವದಿ ಇರದಂತೆ ಸರಿಸುವುದು. ಇವೆರಡು ಮಾಡಿದರೆ ಬಿಸಿಲು ಬುಡಕ್ಕೆ ಬಿದ್ದು ಚಿಗುರು ಬರುತ್ತದೆ. ಬೆಂಕಿಯ ಝಳಕ್ಕೆ ಮೇಲಿನ ಕಣ್ಣುಗಳೇ ಸುಡುವುದುಂಟು.

"ರವದಿ ಇದ್ದರ ನೀರ ಮುಂದ ಹೋಗೂದಿಲ್ಲ." ಈ ಮಾತು ಮೊದಲ ಒಂದೆರಡು ನೀರಿಗೆ ನಿಜ. ರವದಿ ನೆನೆದು ಕುಸಿದ ಮೇಲೆ ತೊಂದರೆ ಕಡಿಮೆಯಾಗುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ತುಂಬಿದರೆ ಖಾಲಿ ಸಾಲಿನಲ್ಲಿ ನೀರು ಸರಾಗ ಹರಿಯುತ್ತದೆ. ಮುಚ್ಚಿದ ನೆಲ ಬೇಗ ಒಣಗುವುದಿಲ್ಲ. ಆದ್ದರಿಂದ ಎರಡು ನೀರಿನ ನಡುವಿನ ಅಂತರ ಹೆಚ್ಚಿಸಬಹುದು. 2023ರ ಬರಗಾಲದಲ್ಲಿ ಬೋರಿನ ನೀರು ಬತ್ತಿದ್ದನ್ನು ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಮುಚ್ಚಿದ ಕಡೆ ಕಳೆಯೂ ಕಡಿಮೆ. ಕಳೆ ತೆಗೆಯುವ ಬೆನ್ನು ಯಾರದು ಎಂಬುದು ನಿಮಗೇ ಗೊತ್ತು.

"ಸುಟ್ಟರ ಹುಳಾ ಸಾಯತಾವ." ಸಾಯುತ್ತವೆ, ಆದರೆ ಒಳ್ಳೆಯ ಹುಳವೂ ಸಾಯುತ್ತದೆ. 2002ರಲ್ಲಿ ಸಾಂಗ್ಲಿಯ ಕಡೆಯಿಂದ ಬಿಳಿ ಉಣ್ಣೆ ಹೇನು ನಮ್ಮ ಕಬ್ಬಿಗೆ ಬಂದದ್ದು ಹಿರಿಯರಿಗೆ ನೆನಪಿರಬೇಕು. ಎಲೆಯೆಲ್ಲ ಬೆಳ್ಳಗೆ, ಅಂಟು ಅಂಟು. ಆ ಹೇನನ್ನು ತಿಂದು ಹತೋಟಿಗೆ ತಂದವುಗಳಲ್ಲಿ 'ಡೈಫಾ' ಎಂಬ ಪತಂಗದ ಮರಿಹುಳು ಮುಖ್ಯ. ಬೆಂಕಿಗೆ ಶತ್ರು-ಮಿತ್ರ ಎಂಬ ಭೇದವಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ನೀರು ಕಡಿಮೆ ಇರುವ ಹೊಲದಲ್ಲಿ ಒಣ ರವದಿಗೆ ಗೆದ್ದಲು ಬರಬಹುದು. ಬೆಳೆಗೆ ರೋಗ, ಕೀಟ ಹೆಚ್ಚು ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ಮುಂದುವರಿಯಿರಿ.

"ಆಳಿನ ಖರ್ಚ ಯಾರ ಕೊಡತಾರ?" ಇದು ನಿಜವಾದ ಪ್ರಶ್ನೆ. ಸಾಲಿಗೆ ರವದಿ ಎಳೆಯಲು ಆಳು ಬೇಕೇ ಬೇಕು. ಟ್ರ್ಯಾಕ್ಟರಿಗೆ ಜೋಡಿಸಿ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುತ್ತದೆಯೋ ಎಂದು ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿರಿ. ಇಲ್ಲವಾದರೆ ನಮ್ಮ ಹಳೇ ಪದ್ಧತಿ ಇದ್ದೇ ಇದೆ: ಮುಯ್ಯಾಳು. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಸಂಘದ ಹತ್ತು ಹೆಣ್ಣುಮಕ್ಕಳು ಕೂಡಿದರೆ ಕೂಲಿಯ ಹೊರೆ ಇಳಿಯುತ್ತದೆ.

3. ಹೊಲದಲ್ಲಿ ರವದಿ ಕೊಳೆಸುವ ವಿಧಾನ

ಗಡಿಯ ಆ ಕಡೆ ಮಹಾರಾಷ್ಟ್ರದವರು ರವದಿಗೆ 'ಪಾಚಟ' ಎನ್ನುತ್ತಾರೆ. ಅಲ್ಲಿಯ ಕಬ್ಬು ಬೆಳೆಗಾರರಿಗೆ ಕೊಡುವ ಶಿಫಾರಸು ಹೀಗಿದೆ: 1 ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಪುಡಿ. ಎಕರೆಗೆ 4 ಟನ್ ಇದ್ದರೆ 32 ಕಿಲೋ, 40 ಕಿಲೋ, 4 ಕಿಲೋ ಆಗುತ್ತದೆ.

ಕ್ರಮ ಹೀಗೆ:

- ಕಡಿದ ಕೂಡಲೇ ದನಗಳಿಗೆ ಬೇಕಾದ ಹಸಿರು ತುದಿ ಆರಿಸಿಕೊಳ್ಳಿರಿ.
- ಬುಡದ ಮೇಲಿನ ರವದಿಯನ್ನು ಸಾಲಿಗೆ ಎಳೆಯಿರಿ. ಎತ್ತರ ಉಳಿದ ಬುಡಗಳನ್ನು ಹರಿತ ಕೊಯ್ತಾದಿಂದ ನೆಲಮಟ್ಟಕ್ಕೆ ಸವರಿರಿ.
- ಸಾಲಿನ ರವದಿಯ ಮೇಲೆ ಯೂರಿಯಾ, ಸೂಪರ್ ಫಾಸ್ಫೇಟ್ ಚೆಲ್ಲಿರಿ.
- ಜೀವಾಣು ಪುಡಿಯನ್ನು ರಾಸಾಯನಿಕ ಗೊಬ್ಬರದ ಜೊತೆ ಕಲಸಬೇಡಿರಿ. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಬೇರೆಯಾಗಿ ಚೆಲ್ಲಿರಿ.
- ನೀರು ಹಾಯಿಸಿರಿ. ರವದಿ ನೆಲಕ್ಕೆ ಅಂಟಿಕೊಳ್ಳಬೇಕು.

ನಾಲ್ಕೈದು ತಿಂಗಳಲ್ಲಿ ರವದಿ ಕೈಯಲ್ಲಿ ಹಿಡಿದರೆ ಪುಡಿ ಆಗುವಷ್ಟು ಕೊಳೆಯುತ್ತದೆ.

"ಯೂರಿಯಾ ಉಳಸಾಕ ಹೋಗಿ ಮತ್ತ ಯೂರಿಯಾ ಹಾಕೂದ?" ಎಂದು ನೀವು ಕೇಳಬಹುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ತಿಳಿಯಿರಿ. ರವದಿಯಲ್ಲಿ ನಾರು ಬಹಳ, ಸಾರಜನಕ ಕಡಿಮೆ. ಕೊಳೆಸುವ ಜೀವಾಣುಗಳಿಗೆ ಶುರುವಿನಲ್ಲಿ ಆಹಾರ ಸಾಲದೆ ಅವು ಬೆಳೆಯ ಪಾಲನ್ನೇ ಎಳೆದುಕೊಳ್ಳುತ್ತವೆ. ಆಗ ಕಬ್ಬು ಹಳದಿಯಾಗುತ್ತದೆ. ನಾವು ಹಾಕಿದ ಯೂರಿಯಾ ವ್ಯರ್ಥವಲ್ಲ. ರವದಿ ಕೊಳೆತ ಹಾಗೆ ಅದರ ಸಾರ ಮಣ್ಣಿಗೆ ಮರಳುತ್ತದೆ.

4. ಮನೆಯ ಸುತ್ತ: ಮೂವತ್ತು ಅಡಿ ಬೋಳು ನೆಲ

ಹೊಲದಲ್ಲಿ ಹಾಸಿದ ರವದಿ ಒಳ್ಳೆಯದು. ಅದೇ ರವದಿ ಗೋಡೆಗೆ ಒತ್ತಿ ಬಿದ್ದಿದ್ದರೆ ಕೆಟ್ಟದ್ದು. ತೋಟದ ಮನೆಗಳಿಗೆ ಬೆಂಕಿ ಹೆಚ್ಚಾಗಿ ಬರುವ ದಾರಿಗಳು ಇವು: ಪಕ್ಕದ ಹೊಲದವರು ಹಚ್ಚಿದ ಬೆಂಕಿ ಗಾಳಿಗೆ ಹಾರಿ ಬರುವುದು, ಜೋತುಬಿದ್ದ ವಿದ್ಯುತ್ ತಂತಿಯ ಕಿಡಿ, ಬೀಡಿಯ ತುಂಡು, ಮತ್ತು ನಾವೇ ತಿಪ್ಪೆಗೆ ಚೆಲ್ಲುವ ಒಲೆಯ ಬೂದಿ. ಬೂದಿಯ ಒಳಗೆ ಕೆಂಡ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ.

ಆದ್ದರಿಂದ ಈ ನಿಯಮಗಳನ್ನು ಪ್ರತಿ ಮನೆಯಲ್ಲೂ ಪಾಲಿಸೋಣ:

- ಮನೆ, ಕೊಟ್ಟಿಗೆಯ ಸುತ್ತ 30 ಅಡಿಯವರೆಗೆ ರವದಿ, ಒಣ ಹುಲ್ಲು, ಎಲೆಯ ಗುಂಪು ಇರಬಾರದು. ಜಾಗ ಕಡಿಮೆ ಇದ್ದರೆ ಇದ್ದಷ್ಟು ಅಡಿಯಾದರೂ ಸ್ವಚ್ಛ ಇರಲಿ.
- ಹೆಂಚು, ತಗಡಿನ ಮೇಲೆ, ಸಂದಿಯಲ್ಲಿ ಸೇರಿದ ಬೇವಿನ ಎಲೆಯನ್ನು ಬೇಸಿಗೆಗೆ ಮೊದಲು ಇಳಿಸಿರಿ. ತಗಡಿನ ಮೇಲೆ ಹತ್ತಬೇಡಿರಿ, ಉದ್ದ ಕೋಲಿಗೆ ಕಸಬರಿಗೆ ಕಟ್ಟಿ ಎಳೆಯಿರಿ.
- ಬಣವಿ ಮನೆಯಿಂದ ದೂರ ಇರಲಿ. ತಂತಿಯ ಕೆಳಗಂತೂ ಬೇಡವೇ ಬೇಡ. ತಂತಿ ಜೋತಿದ್ದರೆ ಹೆಸ್ಕಾಂ ಶಾಖೆಗೆ ಸಂಘದ ಹೆಸರಿನಲ್ಲಿ ಅರ್ಜಿ ಬರೆದು, ಅದರ ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿರಿ.
- ಬೂದಿಗೆ ನೀರು ಹಾಕಿ ಆರಿಸಿಯೇ ತಿಪ್ಪೆಗೆ ಚೆಲ್ಲಿರಿ.
- ಬೆಂಕಿ ಬಿದ್ದರೆ ಮೊದಲು ಮಕ್ಕಳು, ಮುದುಕರನ್ನು ಹೊರಗೆ ತನ್ನಿರಿ, ದನದ ಹಗ್ಗ ಬಿಚ್ಚಿರಿ, 112 ಅಥವಾ 101ಕ್ಕೆ ಫೋನ್ ಮಾಡಿರಿ. ಸೀರೆ ಉಟ್ಟು ಉರಿಯುವ ರವದಿಯೊಳಗೆ ಹೋಗಬೇಡಿರಿ. ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟ ಜಾಗಕ್ಕೆ ತಣ್ಣೀರು ಬಿಟ್ಟು ಬೇರೇನೂ ಹಚ್ಚಬೇಡಿರಿ.

ರವದಿಯ ಗುಂಪಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ಕೊಳಕುಮಂಡಲ ಒಣ ಎಲೆಯ ಬಣ್ಣಕ್ಕೇ ಇರುತ್ತದೆ, ಕಾಣುವುದೇ ಇಲ್ಲ. ಗುಂಪಿಗೆ ನೇರ ಕೈ ಹಾಕಬೇಡಿರಿ. ಮೊದಲು ಕೋಲಿನಿಂದ ಕೆದಕಿ, ಆಮೇಲೆ ಸಲಿಕೆ ಅಥವಾ ಕಬ್ಬಿಣದ ಹಲ್ಲುಕೋಲಿನಿಂದ ಎಳೆಯಿರಿ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹೊರಗೆ ಕಾಲಿಡಬೇಡಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈ-ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಒಯ್ಯಿರಿ.

5. ಅಂಗಳದ ಎಲೆಯಿಂದ ಗೊಬ್ಬರ

ಗುಡಿಸಿದ ಎಲೆ ಎಲ್ಲಿ ಹಾಕೋಣ? ಒಂದು ಗುಂಡಿಗೆ. 10 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳ ಸಾಕು. ಅಥಣಿಯ ಪೂರ್ವ ಭಾಗದಂಥ ಒಣ ಹಳ್ಳಿಗಳಿಗೆ ಗುಂಡಿ ಒಳ್ಳೆಯದು, ತೇವ ಉಳಿಯುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಎರೆನೆಲದಲ್ಲಿ ಗುಂಡಿಗೆ ನೀರು ನಿಂತು ನಾರುತ್ತದೆ. ಅಲ್ಲಿ ನೆಲದ ಮೇಲೆಯೇ ಗುಪ್ಪೆ ಹಾಕಿರಿ. 2019ರ ಆಗಸ್ಟ್‌ನಲ್ಲಿ ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತೋ ಆ ಗುರುತಿಗಿಂತ ಎತ್ತರದ ಜಾಗ ನೋಡಿರಿ.

ಕೆಳಗೆ ಒಂದು ಪದರ ಕಡ್ಡಿ-ಕಸ. ಅದರ ಮೇಲೆ ಒಂದು ಗೇಣು ಒಣ ಎಲೆ. ಮೇಲೆ ಸೆಗಣಿ ರಾಡಿ, ನಂತರ ಹಸಿ ಸೊಪ್ಪು ಅಥವಾ ತರಕಾರಿ ಸಿಪ್ಪೆ, ಒಂದು ಹಿಡಿ ಮಣ್ಣು. ಹೀಗೆಯೇ ಪದರ ಪದರ. ಅಂದಾಜು ಮೂರು ಪಾಲು ಒಣ ಎಲೆಗೆ ಒಂದು ಪಾಲು ಸೆಗಣಿ, ಹಸಿ ಸೊಪ್ಪು. ತೇವ ಸರಿ ಇದೆಯೋ ನೋಡಲು ಒಂದು ಮುಷ್ಟಿ ಹಿಂಡಿರಿ. ನಾಲ್ಕಾರು ಹನಿ ಬಂದರೆ ಸರಿ. ಧಾರೆ ಹರಿದರೆ ನೀರು ಹೆಚ್ಚಾಯಿತು, ಏನೂ ಬಾರದಿದ್ದರೆ ಕಡಿಮೆಯಾಯಿತು. 20-25 ದಿನಕ್ಕೊಮ್ಮೆ ತಿರುವಿ ಹಾಕಿದರೆ ಸುಮಾರು ನಾಲ್ಕು ತಿಂಗಳಿಗೆ ಮಣ್ಣಿನ ವಾಸನೆಯ ಕರಿ ಗೊಬ್ಬರ ಸಿದ್ಧ.

ಎಲ್ಲ ಎಲೆಯೂ ಒಂದೇ ಅಲ್ಲ. ಬೇವು, ಹುಣಸೆಯ ಸಣ್ಣ ಎಲೆ ಬೇಗ ಕರಗುತ್ತದೆ. ಮಾವು, ತೇಗದ ಎಲೆ ದಪ್ಪ, ಅದನ್ನು ತುಳಿದು ಅಥವಾ ಕೊಚ್ಚಿ ಹಾಕಿರಿ. ನೀಲಗಿರಿ ಎಲೆಯ ಎಣ್ಣೆ ಬೀಜ ಮೊಳೆಯಲು ಬಿಡುವುದಿಲ್ಲ, ಅದನ್ನು ಮನೆಯಿಂದ ದೂರದ ಕಾಲುದಾರಿಗೆ ಹಾಸಿರಿ. ತೆಂಗಿನ ಗರಿಯ ಕಡ್ಡಿ ಕಸಬರಿಗೆಗೆ ಬಂತು.

ಗೊಬ್ಬರ ಮಾರಿ ನಾಲ್ಕು ದುಡ್ಡು ಮಾಡಬೇಕೆಂಬ ಸಂಘಗಳು ಎರೆಹುಳು ಗೊಬ್ಬರ ಮಾಡಬಹುದು. 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ, ಮೇಲೆ ನೆರಳು. ಎಲೆಯನ್ನು ಸೆಗಣಿಯೊಂದಿಗೆ 15-20 ದಿನ ಅರೆ ಕೊಳೆಸಿ, ಬಿಸಿ ಆರಿದ ಮೇಲೆಯೇ ಹುಳು ಬಿಡಬೇಕು. ಎರಡು ಎರಡೂವರೆ ತಿಂಗಳಿಗೆ ಗೊಬ್ಬರ ಬರುತ್ತದೆ. ನಿಪ್ಪಾಣಿ ಕಡೆಯವರಿಗೆ ವಿಶೇಷ ಸೂಚನೆ: ತಂಬಾಕಿನ ಕಡ್ಡಿ, ಪುಡಿ, ಬೀಡಿ ಕಟ್ಟಿ ಉಳಿದ ಚೂರು ಈ ತೊಟ್ಟಿಗೆ ಬೀಳಬಾರದು. ಅದರ ನಿಕೋಟಿನ್ ಹುಳಕ್ಕೆ ವಿಷ. ಸಾಲ ತೆಗೆದು ತೊಟ್ಟಿ ಕಟ್ಟುವ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಕಲಿಯಿರಿ. ಯಾರು ಕೊಳ್ಳುತ್ತಾರೆ, ಯಾವ ದರಕ್ಕೆ ಕೊಳ್ಳುತ್ತಾರೆ ಎಂದು ಮೊದಲೇ ಕೇಳಿ ಬರೆದಿಡಿರಿ.

ದೂರದ ಒಂದು ಉದಾಹರಣೆ. ಹಿಮಾಲಯದ ಉತ್ತರಾಖಂಡದಲ್ಲಿ ಪೈನ್ ಮರಗಳಿವೆ. ಅವುಗಳ ಎಲೆ ಸೂಜಿಯ ಹಾಗೆ. ಅಲ್ಲಿ ಅದಕ್ಕೆ 'ಪಿರೂಲ್' ಎನ್ನುತ್ತಾರೆ. ಬೇಸಿಗೆಯಲ್ಲಿ ಉದುರಿದ ಪಿರೂಲಿಗೆ ಕಿಡಿ ತಾಗಿ ಕಾಡಿಗೆ ಕಾಡೇ ಸುಡುತ್ತದೆ. 2024ರ ಮೇ ತಿಂಗಳಲ್ಲಿ ಅಲ್ಲಿಯ ಸರ್ಕಾರ ಪಿರೂಲ್ ತಂದುಕೊಟ್ಟವರಿಗೆ ಹಣ ಕೊಡುವ ಅಭಿಯಾನ ಶುರು ಮಾಡಿತು. ನಮ್ಮ ಹಾಗೆಯೇ ಸಂಘ ಕಟ್ಟಿಕೊಂಡ ಗುಡ್ಡದ ಹೆಣ್ಣುಮಕ್ಕಳು ಅದನ್ನು ಆರಿಸುತ್ತಾರೆ, ಬುಟ್ಟಿ ಹೆಣೆಯುತ್ತಾರೆ. ಅದರಿಂದ ಒಲೆಯ ಇಟ್ಟಿಗೆಗಳನ್ನೂ ಮಾಡುತ್ತಾರೆ. ಅವರ ಎಲೆ ಬೇರೆ, ನಮ್ಮ ಎಲೆ ಬೇರೆ. ಆದರೆ ಬೆಂಕಿಯ ಭಯವೂ ಒಂದೇ, ದಾರಿಯೂ ಒಂದೇ.

6. ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಎಷ್ಟು ಮನೆಗಳು ತೋಟದಲ್ಲಿವೆ? ಯಾವ ಮನೆಯ ಗೋಡೆಗೆ ರವದಿ, ಬಣವಿ ತಾಗಿದೆ?
2. ಕಳೆದ ಹಂಗಾಮಿನಲ್ಲಿ ಯಾರು ಯಾರು ರವದಿ ಸುಟ್ಟರು? ಏಕೆ ಸುಟ್ಟರು? ಎಷ್ಟು ಎಕರೆ? ಎಕರೆಗೆ 35 ಕಿಲೋ ಯೂರಿಯಾದಂತೆ ಒಟ್ಟು ಎಷ್ಟಾಯಿತು?
3. ಸುಡುವ ನಿರ್ಧಾರ ಮನೆಯಲ್ಲಿ ಯಾರದು? ನಮ್ಮನ್ನು ಕೇಳುತ್ತಾರೆಯೇ?
4. ಮುಯ್ಯಾಳಿಗೆ ಯಾರು ಯಾರು ಸಿದ್ಧ?

ಹೊಲದ ಉತಾರದಲ್ಲಿ ನಮ್ಮ ಹೆಸರು ಇರಲಿ, ಇಲ್ಲದಿರಲಿ, ಆ ಹೊಲದ ಹೊಗೆ ಕುಡಿಯುವವರು ನಾವು, ಕಳೆ ತೆಗೆಯುವವರು ನಾವು, ನೀರಿನ ಪಾಳಿ ಬಂದ ರಾತ್ರಿ ಎದ್ದು ಬ್ಯಾಟರಿ ಹಿಡಿಯುವವರು ನಾವು. ಆದ್ದರಿಂದ ಕೇಳುವ ಹಕ್ಕೂ ನಮಗಿದೆ. ಗ್ಯಾಂಗು ಹೊಲಕ್ಕೆ ಬಂದ ಮೇಲೆ ಮಾತಾಡಿದರೆ ತಡವಾಗುತ್ತದೆ. ಕಬ್ಬಿನ ಪಾಳಿ ಬರುವ ಒಂದು ತಿಂಗಳ ಮೊದಲೇ ಮನೆಯಲ್ಲಿ ಕೂತು ಲೆಕ್ಕ ತೋರಿಸಿರಿ. ಎಲ್ಲ ಹೊಲ ಒಪ್ಪದಿದ್ದರೆ "ಈ ವರ್ಷ ಹತ್ತ ಗುಂಟೆ ನಮಗ ಬಿಡ್ರಿ, ಸುಡಬ್ಯಾಡ್ರಿ, ಮುಂದಿನ ವರ್ಷ ನೀವ ನೋಡ್ರಿ" ಎಂದು ಕೇಳಿರಿ. ಆ ಹತ್ತು ಗುಂಟೆಯ ಕಬ್ಬನ್ನೂ ಪಕ್ಕದ ಸುಟ್ಟ ಹೊಲದ ಕಬ್ಬನ್ನೂ ಪ್ರತಿ ತಿಂಗಳು ನೋಡಿ ಬರೆದಿಡಿರಿ: ಎಷ್ಟು ನೀರು, ಎಷ್ಟು ಕಳೆ ಆಳು, ಎಷ್ಟು ಚೀಲ ಗೊಬ್ಬರ, ಕೊನೆಗೆ ಎಷ್ಟು ಟನ್.

ಮುಂದಿನ ಸಭೆಗೆ ಪ್ರತಿ ಸಂಘದ ಪುಸ್ತಕದಲ್ಲಿ ಮೂರು ನಿರ್ಣಯ ಬರೆದಿರಲಿ: ನಮ್ಮ ಅಂಗಳದ ಎಲೆಗೆ ನಾವು ಬೆಂಕಿ ಹಚ್ಚುವುದಿಲ್ಲ. ಹದಿನೈದು ದಿನದಲ್ಲಿ ಪ್ರತಿ ಮನೆಯ ಸುತ್ತಲಿನ ನೆಲ ಬೋಳು ಮಾಡುತ್ತೇವೆ. ಈ ಹಂಗಾಮಿನಲ್ಲಿ ಕನಿಷ್ಠ ಇಬ್ಬರು ಸದಸ್ಯೆಯರ ಹೊಲದಲ್ಲಿ ಹತ್ತು ಗುಂಟೆ ರವದಿ ಸುಡದೆ ಕೊಳೆಸುತ್ತೇವೆ. ಆ ಹೊಲಗಳನ್ನು ನೋಡಲು ನಾವೂ ಬರುತ್ತೇವೆ.